ಯಾರದೂ ಅಲ್ಲದ ದನಿ

ನಮ್ಮ ಕಡೆ ಹೆಳವರೆಂಬ ಜನರಿದ್ದಾರೆ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ನಿಮ್ಮ ಮುತ್ತಜ್ಜ ಎಲ್ಲಿಂದ ಬಂದ, ಯಾರು ಯಾರ ಮಗ, ಮನೆತನ ಎಲ್ಲಿ ಕವಲೊಡೆಯಿತು ಎಂದು ಅಂಗಳದಲ್ಲಿ ನಿಂತೇ ಒಪ್ಪಿಸಿ, ಮೊರದ ತುಂಬ ಕಾಳು ಇಸಿದುಕೊಂಡು ಹೋಗುವವರು. ಕಂಪ್ಯೂಟರ್ ಪ್ರೋಗ್ರಾಮುಗಳಿಗೂ ಅಂಥ ಒಬ್ಬ ಹೆಳವ ಹುಟ್ಟಿಬಂದರೆ ಏನಾದೀತು? ಈ ಕಥೆ ನಡೆಯುವ ಹೊತ್ತಿಗೆ ಹುಟ್ಟಿಬಂದಿದ್ದ. ಸರ್ಕಾರ ಇಟ್ಟ ಹೆಸರು ಮೂಲಶೋಧಕ. ಹಾವೇರಿ ಜಿಲ್ಲೆಯ ಜನ ಅಷ್ಟುದ್ದ ಹೆಸರು ಹೇಳುವ ಗೋಜಿಗೆ ಹೋಗದೆ ಹೆಳವ ಎಂದೇ ಕರೆದರು. ಯಾವ ಪ್ರೋಗ್ರಾಮನ್ನು ಮುಂದಿಟ್ಟರೂ ಆ ಯಂತ್ರ ಅದರ ಸಾಲುಗಳನ್ನು ಮೂಸಿ ನೋಡಿ, ಇದು ಇಂಥದ್ದರ ಮಗ, ಇಂಥದ್ದರ ಮೊಮ್ಮಗ ಎಂದು ಹೇಳಿಬಿಡುತ್ತಿತ್ತು. ಹೆಸರು ಬದಲಿಸಿದರೂ, ಸಾಲುಗಳನ್ನು ಹಿಂದುಮುಂದು ಮಾಡಿದರೂ ಅದರ ಕಣ್ಣಿಗೆ ಮಣ್ಣೆರಚಲು ಆಗುತ್ತಿರಲಿಲ್ಲ. ಮೈಮೇಲೆ ತೊಡುವ ಯಂತ್ರಗಳೆಲ್ಲ ದಿನಾ ಬೆಳಗ್ಗೆ ಈ ಹೆಳವನಿಗೆ ತಮ್ಮ ಮನೆತನ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಕಾನೂನಾಯಿತು. ಕದ್ದ ಮಾಲು ರೋಗಿಯ ಮೈಮೇಲೆ ಇರಬಾರದು ಎಂಬುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ ಇತ್ತು.

ಬ್ಯಾಡಗಿಯ ಚನ್ನವೀರಪ್ಪ ಮೆಣಸಿನಕಾಯಿಗೆ ಈ ಕಾನೂನಿನ ಗಂಧಗಾಳಿ ಇರಲಿಲ್ಲ. ಮೆಣಸಿನಕಾಯಿ ಎಂಬುದು ಅವನ ಅಡ್ಡಹೆಸರೂ ಹೌದು, ಕಸುಬೂ ಹೌದು. ಮಾರುಕಟ್ಟೆಯಲ್ಲಿ ಅವನದು ದಲಾಲಿ ಅಂಗಡಿ. ಗುಟ್ಕಾ ಜಗಿದು ಜಗಿದು ಗಂಟಲು ಕೆಟ್ಟು, ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಈಗ ಅವನು ಮಾತಾಡುತ್ತಿದ್ದುದು ಕೊರಳಿಗೆ ಕಟ್ಟಿದ ಒಂದು ಪಟ್ಟಿಯಿಂದ. ಮಾತಿಗೆಂದು ತುಟಿ ನಾಲಿಗೆ ಆಡಿಸಿದಾಗ ಕೊರಳಿನ ಸ್ನಾಯುಗಳಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಪಟ್ಟಿ ಹಿಡಿಯುತ್ತದೆ. ಒಳಗಿನ ‘ಉಲಿ’ ಎಂಬ ಪ್ರೋಗ್ರಾಮು ಅದನ್ನು ಮಾತಾಗಿ ಹೊರಗೆ ಬಿಡುತ್ತದೆ. ದನಿ ತುಂಬಿದ್ದು, ಗಡುಸಿನದ್ದು, ಸ್ವಲ್ಪ ನಾಟಕದವರ ಧಾಟಿಯದ್ದು. ಚನ್ನವೀರಪ್ಪನ ಹಳೆಯ ಕೀರಲು ದನಿಗಿಂತ ಇದೇ ವಾಸಿ ಎಂದು ಮಾರುಕಟ್ಟೆಯವರು ಅವನೆದುರೇ ಹೇಳುತ್ತಿದ್ದರು.

ಆ ದಿನ ಬೆಳಗ್ಗೆ ಅವನು ರೊಟ್ಟಿ ಮುರಿಯುತ್ತ ಹೆಂಡತಿ ಕಾಶವ್ವನ ಮೇಲೆ ರೇಗುತ್ತಿದ್ದ.

“ಈ ಪಲ್ಯಾಕ್ಕ ಉಪ್ಪು ಹಾಕೀಯೋ ಇಲ್ಲೋ? ನಿಮ್ಮಪ್ಪನ ಮನ್ಯಾಗ...” ಎನ್ನುವಷ್ಟರಲ್ಲಿ ದನಿ ನಿಂತುಹೋಯಿತು.

“ನಮ್ಮಪ್ಪನ ಮನಿ ಸುದ್ದಿಗೆ ಬಂದ್ರ ಹಿಂಗ ಆಗೂದು,” ಎಂದು ಕಾಶವ್ವ ನಕ್ಕಳು. ಗಂಡನ ಮುಖ ನೋಡಿದ ಮೇಲೆ ನಗು ನಿಲ್ಲಿಸಿದಳು. ಅವನ ತುಟಿ ಆಡುತ್ತಿತ್ತು, ಕೊರಳಿನ ನರ ಉಬ್ಬುತ್ತಿತ್ತು, ಸದ್ದು ಮಾತ್ರ ಇಲ್ಲ. ಪಟ್ಟಿಯ ಮೇಲೆ ಕೆಂಪು ದೀಪ ಹತ್ತಿ, ‘ಈ ತಂತ್ರಾಂಶದ ಹಕ್ಕುದಾರರು ಬೇರೆ ಇದ್ದಾರೆ’ ಎಂಬ ಅಕ್ಷರ ಮೂಡಿತ್ತು.

ಎದುರಿಗೆ ಕುಳಿತು ಅದೇ ಪಲ್ಯ ತಿನ್ನುತ್ತಿದ್ದವನು ತಮ್ಮ ಗುರುಶಾಂತ. ಮದುವೆ ಮಾಡಿಕೊಳ್ಳದೆ ಅಣ್ಣನ ಮನೆಯಲ್ಲೇ ಉಳಿದವನು, ಹಾವೇರಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರು. ಉಲಿಯನ್ನು ನಾಡಿಗೆ ಕೊಟ್ಟವನೆಂದು ಹೆಸರಾದದ್ದು ಇವನೇ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಅಗ್ಗದ ಪಟ್ಟಿಯಲ್ಲಿ ಹಾಕಿಕೊಳ್ಳಬಹುದು ಎಂದು ಕಾಲೇಜಿನ ಜಾಲತಾಣದಲ್ಲಿ ಇಟ್ಟಿದ್ದ. ‘ಇದು ಸಾರ್ವಜನಿಕರ ಸ್ವತ್ತು, ಯಾರದೂ ಅಲ್ಲ’ ಎಂದು ಅದರ ನೆತ್ತಿಯ ಮೇಲೆ ಬರೆದಿದ್ದ. ದಾವಣಗೆರೆಯಿಂದ ಬೀದರಿನ ತನಕ ಮೂಕರಾಗಿದ್ದವರು ಮಾತಾಡತೊಡಗಿದರು. ಸನ್ಮಾನಗಳಾದವು. ಪ್ರತಿ ವೇದಿಕೆಯ ಮೇಲೂ ಗುರುಶಾಂತ ಶಾಲು ಸರಿಪಡಿಸಿಕೊಂಡು, “ಇದು ನನ್ನದಲ್ಲ, ಜನರದು,” ಎನ್ನುತ್ತಿದ್ದ. ಎಂಥ ವಿನಯ ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು.

“ಗುರುಶಾಂತ, ನೋಡೋ ಏನಾತು ಇದಕ್ಕ,” ಎಂದಳು ಕಾಶವ್ವ.

“ಸಂಜೀಕ ಸರಿ ಮಾಡಿಸ್ತೀನಿ ವೈನಿ,” ಎಂದು ಅವನು ಕೈತೊಳೆದ. ಆದರೆ ಆ ಕೆಂಪು ಅಕ್ಷರವನ್ನು ಎರಡು ಸಲ ಓದಿ, ಪಲ್ಯ ಅರ್ಧಕ್ಕೇ ಬಿಟ್ಟು ಎದ್ದಿದ್ದ.

ಕಾಲೇಜಿನ ಪ್ರಯೋಗಾಲಯದಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು. ಫೋನು ಮಾಡಿದವರೆಲ್ಲ ಹೆಂಡಂದಿರು, ಮಕ್ಕಳು, ನೆರೆಯವರು. ಪಟ್ಟಿ ಕಟ್ಟಿಕೊಂಡವರು ಫೋನು ಮಾಡಿ ಏನು ಹೇಳಿಯಾರು? ಪ್ರಯೋಗಾಲಯದ ಇಂಜಿನಿಯರ್ ರೇಷ್ಮಾ ಮುಲ್ಲಾ ಗೋಡೆಯ ಪರದೆಯ ಮೇಲೆ ಹೆಳವನ ವಂಶವೃಕ್ಷ ತೆರೆದಿಟ್ಟಿದ್ದಳು. ಎಲ್ಲಕ್ಕಿಂತ ಕೆಳಗೆ, ಬೇರಿನಲ್ಲಿ, ಗುರುಶಾಂತನ ಹೆಸರು. ಪಕ್ಕದಲ್ಲಿ ‘ಸಾರ್ವಜನಿಕ ಸ್ವತ್ತು’. ಅದರ ಮೇಲೆ ದಪ್ಪನೆಯ ಒಂದು ಕೊಂಬೆ, ಸ್ವನಿಕಾ ಎಂಬ ಕಂಪನಿಯದು.

“ಇವರು ಉಲಿ ತಗೊಂಡು ಸುಧಾರಣಾ ಮಾಡಿ ಜನಕ್ಕ ಪುಕ್ಕಟೆ ಹಂಚಿದ್ರಲ್ಲ ಸರ್, ಎಲ್ಲಾರೂ ಖುಷೀಲೆ ಹಾಕ್ಕೊಂಡ್ರು,” ಎಂದಳು ರೇಷ್ಮಾ. “ಈಗ ಆ ಸುಧಾರಣಾ ಎಲ್ಲಾ ನಮ್ಮ ಸ್ವತ್ತು ಅಂತ ದಾಖಲು ಮಾಡ್ಸ್ಯಾರ. ಹಾಲಿಗೆ ಕೂಡಿಸಿದ ನೀರಿನಂಗ, ಬ್ಯಾರೆ ಮಾಡಾಕ ಬರಂಗಿಲ್ಲ. ಮಾತು ಬೇಕಂದ್ರ ತಿಂಗಳಾ ತಿಂಗಳಾ ಬಾಡಿಗಿ ಕೊಡ್ರಿ ಅಂತಾರ.”

“ಹಂಗ ಮಾಡಾಕ ಬರ್ತತೇನು? ಅದು ಜನರದು.”

“ಜನರದು ಅಂದ್ರ ಕಂಪನಿದೂ ಆತಲ್ಲ ಸರ್. ಸಾರ್ವಜನಿಕ ಸ್ವತ್ತು ಅಂದಮ್ಯಾಲೆ ಯಾರ ಏನರ ಮಾಡಬಹುದು, ಬಾಗಲಾ ಹಾಕ್ಕೊಂಡು ಮಾರಬಹುದು. ಕೇಳಾಕ ವಾರಸುದಾರರs ಇಲ್ಲ.” ರೇಷ್ಮಾ ಸ್ವಲ್ಪ ತಡೆದಳು. “ಪುಕ್ಕಟೆ ಕೊಡೂದು ಬ್ಯಾರೆ, ವಾರಸುದಾರ ಇಲ್ಲ ಅನ್ನೂದು ಬ್ಯಾರೆ. ನೀವು ಬಾವಿ ತೋಡಿ, ಎಲ್ಲಾರೂ ಸೇದ್ರಿ, ಯಾರೂ ಬೇಲಿ ಹಾಕಬ್ಯಾಡ್ರಿ ಅಂತ ಬೋರ್ಡ್ ಬರದಿದ್ರ ಇವರ ಸುಧಾರಣಾನೂ ತೆರದs ಇಡಬೇಕಾಗ್ತಿತ್ತು. ಹಂಗ ಬರಿಯೂ ಹಕ್ಕು ತೋಡಿದವರಿಗೆ ಇರ್ತತಿ. ಬೋರ್ಡ್ ಯಾಕ ಬರೀಲಿಲ್ಲ ಸರ್?”

ಬೋರ್ಡು ಇತ್ತು. ಗುರುಶಾಂತನೇ ಕಿತ್ತಿದ್ದ.

ಉಲಿಯನ್ನು ಅವನು ಬರೆದಿರಲಿಲ್ಲ. ಅಣ್ಣನಿಗೆ ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಹುಡುಕುತ್ತ ಹುಡುಕುತ್ತ ಒಂದು ಸಣ್ಣ ಜಾಲತಾಣದಲ್ಲಿ ಅದು ಸಿಕ್ಕಿತ್ತು. ಅದರ ಪ್ರತಿ ಕಡತದ ತಲೆಯ ಮೇಲೂ ಒಂದೇ ಒಕ್ಕಣೆ ಇಂಗ್ಲಿಷಿನಲ್ಲಿತ್ತು: ಬರೆದವಳು ಇಳಕಲ್ಲಿನ ಇಂದುಮತಿ ಬೇವೂರ, ದನಿ ಆಕೆಯ ತಂದೆ ಯಮನಪ್ಪನದು, ಎಲ್ಲರೂ ಬಳಸಿ, ತಿದ್ದಿ, ಹಂಚಿ, ತಿದ್ದಿದ್ದನ್ನೂ ಹೀಗೇ ತೆರೆದಿಡಿ, ಈ ಮಾತನ್ನು ತೆಗೆಯಬೇಡಿ. ಗುರುಶಾಂತ ಅದನ್ನು ತನ್ನ ವಿದ್ಯಾರ್ಥಿಗಳಿಗೆಂದು ಹಸನು ಮಾಡಿದ, ಇಂಗ್ಲಿಷ್ ಟಿಪ್ಪಣಿಗಳನ್ನೆಲ್ಲ ಕನ್ನಡಕ್ಕೆ ತಂದ. ಪ್ರತಿ ಕಡತದ ಮೇಲೂ ಮತ್ತೆ ಮತ್ತೆ ಬರುವ ಆ ಸಾಲುಗಳನ್ನು ಹೊಸ್ತಿಲ ಮೇಲಿನ ಕಸದಂತೆ ಒಂದೇ ಏಟಿಗೆ ಗುಡಿಸಿಹಾಕಿದ. ಪುಕ್ಕಟೆ ಕೊಟ್ಟಿದ್ದಾಳೆಂದ ಮೇಲೆ ಅದು ಯಾರದೂ ಅಲ್ಲ, ಯಾರದೂ ಅಲ್ಲವೆಂದ ಮೇಲೆ ಜನರದು ಎಂದುಕೊಂಡ. ಆಗ ಅದು ಔದಾರ್ಯವೆಂದೇ ಅನ್ನಿಸಿತ್ತು. ಆಮೇಲೆ ಸನ್ಮಾನದ ಮೊದಲ ಶಾಲು ಹೆಗಲ ಮೇಲೆ ಬಿದ್ದಾಗ, ಬೇವೂರ ಎಂಬ ಹೆಸರು ಗಂಟಲ ತನಕ ಬಂದಿತ್ತು. ನುಂಗಿಕೊಂಡ. ಒಮ್ಮೆ ನುಂಗಿದ್ದನ್ನು ಎರಡನೇ ವೇದಿಕೆಯಲ್ಲಿ ಉಗುಳುವುದು ಇನ್ನೂ ಕಷ್ಟವಾಯಿತು.

“ಪೂರಾ ನೀವs ಬರದದ್ದಲ್ಲ ಸರ್ ಇದು?” ರೇಷ್ಮಾ ಕೇಳಿದಳು. “ಯಾಕಂದ್ರ ಮೂಲ ಲೇಖಕರು ಎದ್ದು ನಿಂತು ತಕರಾರು ಮಾಡಿದ್ರ ಇನ್ನೂ ದಾರಿ ಐತೇನೋ.”

“ನಾನs ಬರದದ್ದು,” ಎಂದ ಗುರುಶಾಂತ. ಅಂದ ಮೇಲೆ ಅವಳ ಮುಖ ನೋಡಲಾಗದೆ ಪರದೆಯ ಕಡೆ ತಿರುಗಿದ. ಹೆಳವನೂ ಅದನ್ನೇ ಹೇಳುತ್ತಿದ್ದ. ಇಂದುಮತಿಯ ಜಾಲತಾಣ ಮುಚ್ಚಿಹೋಗಿತ್ತು. ಯಂತ್ರ ಹುಟ್ಟುವ ಹೊತ್ತಿಗೆ ಉಳಿದಿದ್ದ ಅತಿ ಹಳೆಯ ಪ್ರತಿ ಇವನದೇ. ಊರವರು ಹೇಳಿದ್ದನ್ನೇ ಹೆಳವ ಹಾಡುತ್ತಾನೆ, ಅವನದೇನು ತಪ್ಪು?

ಗುರುಶಾಂತ ಮೊದಲು ಅಡ್ಡದಾರಿ ಹುಡುಕಿದ. ತನ್ನ ಹಳೆಯ ಪ್ರತಿಯನ್ನೇ ಹಾಕಿ ನೋಡಿದ, ಈಗಿನ ಪಟ್ಟಿಗಳಲ್ಲಿ ಅದು ಓಡಲಿಲ್ಲ. ಪ್ರೋಗ್ರಾಮನ್ನು ಬೇರೆ ಕಂಪ್ಯೂಟರ್ ಭಾಷೆಯಲ್ಲಿ ತಿರುಗಿ ಬರೆದ, ಹೆಳವ ಹಿಡಿದುಬಿಟ್ಟ. ಅಷ್ಟರಲ್ಲಿ ಸ್ವನಿಕಾದ ವಕೀಲರು ಕಾಲೇಜಿಗೇ ಬಂದರು. ಬಲು ಮರ್ಯಾದಸ್ಥ ಮನುಷ್ಯ, ಕುಳಿತುಕೊಳ್ಳುವ ಮೊದಲು ಕುರ್ಚಿಯನ್ನೂ ಅಪ್ಪಣೆ ಕೇಳುವಂಥವರು.

“ನಾವು ಕದ್ದಿಲ್ಲ ಪ್ರೊಫೆಸರೇ. ಯಾರದೂ ಅಲ್ಲ ಅಂತ ನೀವು ಬರೆದಿದ್ದಿರಿ, ನಾವು ನಂಬಿ ತೆಗೆದುಕೊಂಡೆವು,” ಎಂದರು. “ನಿಮ್ಮ ಅಣ್ಣನವರ ವಿಷಯ ತಿಳಿಯಿತು. ಅವರಿಗೆ ಬಾಡಿಗೆ ಬೇಡ, ನಾಳೆಯೇ ಬಿಡಿಸಿಕೊಡುತ್ತೇವೆ. ಪೆಟ್ಟಿಗೆಯ ಮೇಲೆ ಮೂಲ ಸಂಶೋಧಕರು ಅಂತ ನಿಮ್ಮ ಹೆಸರೂ ಇರುತ್ತದೆ. ವಿಚಾರಣೆಯಲ್ಲಿ ತಾವು ತಕರಾರು ಎತ್ತದಿದ್ದರೆ ಸಾಕು.”

ಗುರುಶಾಂತ ಯೋಚಿಸಿ ಹೇಳುತ್ತೇನೆಂದ. ನಿಜ ಹೇಳಬೇಕೆಂದರೆ ಅವನಿಗೆ ಆಸೆಯಾಯಿತು. ಅಣ್ಣನ ಬಾಯಿಯೂ ಬರುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಉಳಿದವರು ಬಾಡಿಗೆ ಕಟ್ಟಿಕೊಳ್ಳಲಿ, ಕೊಡಲಾಗದವರು... ಅಲ್ಲಿಗೆ ಯೋಚನೆ ನಿಲ್ಲಿಸಿಬಿಟ್ಟ.

ಮಾರನೆಯ ದಿನ ಮಾರುಕಟ್ಟೆ. ಕಾಶವ್ವ ಬುತ್ತಿ ಕೊಟ್ಟು ಕಳಿಸಿದಳು, ಗುರುಶಾಂತ ಅಣ್ಣನ ಅಂಗಡಿಗೆ ಹೋದ. ಅಂಗಳದ ತುಂಬ ಕೆಂಪು ರಾಶಿ, ಗಾಳಿಯಲ್ಲೇ ಖಾರ. ಹೊಸಬರು ಸೀನಿಕೊಂಡು ಓಡಾಡುತ್ತಿದ್ದರು. ರಾಶಿಯ ನಡುವೆ ಚನ್ನವೀರಪ್ಪ ಒಬ್ಬ ಮುದಿ ವ್ಯಾಪಾರಿಯ ಎದುರು ನಿಂತಿದ್ದ. ಇಬ್ಬರ ಕೈಗಳೂ ಒಂದು ಟವೆಲ್ಲಿನ ಕೆಳಗಿದ್ದವು. ಹಿಂದಿನವರು ದರವನ್ನು ಬಾಯಲ್ಲಿ ಹೇಳದೆ ಹೀಗೆ ಟವೆಲ್ಲಿನೊಳಗೆ ಬೆರಳು ಹಿಡಿದು ಕುದುರಿಸುತ್ತಿದ್ದರು. ಆ ಪದ್ಧತಿ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಮುದುಕ ತಲೆಯಾಡಿಸಿ ವ್ಯಾಪಾರ ಮುಗಿಸಿದ. ಮುಂದೆ ಬಂದವನು ತರುಣ ಖರೀದಿದಾರ. ಚನ್ನವೀರಪ್ಪ ಟವೆಲ್ ಹೊದಿಸಿ ಕೈ ಚಾಚಿದರೆ ಅವನು ಗಲಿಬಿಲಿಗೊಂಡು ಕೈ ಹಿಂದಕ್ಕೆಳೆದುಕೊಂಡ.

“ಏನ್ರೀ ಸಾಹುಕಾರ್ರ, ಕೈ ಯಾಕ ಹಿಡೀತೀರಿ?” ಎಂದು ಸುತ್ತಲಿನವರತ್ತ ನೋಡಿ ನಕ್ಕ. ಅವರೂ ನಕ್ಕರು. ಕೆಟ್ಟ ನಗೆಯಲ್ಲ, ಮಾರುಕಟ್ಟೆಯ ನಗೆ. ಹಿಂದಾಗಿದ್ದರೆ ಚನ್ನವೀರಪ್ಪ ಅದಕ್ಕಿಂತ ಖಾರವಾದ ಒಂದು ಮಾತು ಎಸೆದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದ. ಈಗ ಅವನು ಟವೆಲ್ಲನ್ನು ಮಡಚಿದ. ಒಂದು ಮಡಿಕೆ, ಇನ್ನೊಂದು ಮಡಿಕೆ, ಕೈಯಳತೆಯಷ್ಟಾಗುವ ತನಕ ಮಡಚುತ್ತಲೇ ನಿಂತ. ಬುತ್ತಿ ಹಿಡಿದು ದೂರದಲ್ಲಿ ನಿಂತಿದ್ದ ತಮ್ಮನನ್ನು ಕಂಡು, ಮುಜುಗರವಾಗದಿರಲಿ ಎಂಬಂತೆ ತಾನೇ ನಕ್ಕ. ತಲೆ ತಗ್ಗಿಸಬೇಕಾದವನು ತಾನು, ನಗುತ್ತಿರುವವನು ಅಣ್ಣ. ಗುರುಶಾಂತನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಅಲ್ಲಿಂದ ನೇರ ಹಾವೇರಿಗೆ ಹೋಗಿ ರೇಷ್ಮಾಳ ಮುಂದೆ ಕುಳಿತ.

“ನಿನಗ ಸುಳ್ಳು ಹೇಳೀನಿ. ಉಲಿ ನಾ ಬರದದ್ದಲ್ಲ,” ಎಂದು ಎಲ್ಲವನ್ನೂ ಹೇಳಿದ.

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಫೋನಿನಲ್ಲಿ ಬಸ್ಸಿನ ವೇಳಾಪಟ್ಟಿ ತೆರೆದು ನೋಡಿ, “ಇಳಕಲ್ಲಿಗೆ ಗದಗದ ಮ್ಯಾಲೆ ಬಸ್ ಐತಿ ಸರ್,” ಎಂದಳು.

ಇಂದುಮತಿ ಬೇವೂರ ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹೆಂಗಸು. ನಡುವಯಸ್ಸು ದಾಟಿತ್ತು. ಗುರುಶಾಂತ ಹೆಸರು ಹೇಳಿದ ಕೂಡಲೇ, “ಗೊತ್ತೈತ್ರಿ, ಒಳಗ ಬರ್ರಿ,” ಎಂದಳು. ನೀರು ಕೊಟ್ಟಳು. ಅವನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅಲ್ಲಲ್ಲೇ ಉದುರಿ, “ನಿಮ್ಮ ಹೆಸರು ನಾ ತಗದೆ. ನಿಮ್ಮ ತಂದಿ ಹೆಸರೂ ತಗದೆ,” ಎಂಬಷ್ಟೇ ಉಳಿಯಿತು.

“ಅದೂ ಗೊತ್ತೈತ್ರಿ,” ಎಂದಳು ಇಂದುಮತಿ. “ನಿಮ್ಮ ಸನ್ಮಾನಕ್ಕ ನಾ ಗದಗಿಗೆ ಬಂದಿದ್ದೆ. ಕೈ ಮುಗಿಯೋರ ಸಾಲಿನ್ಯಾಗ ನಿಂತಿದ್ದೆ. ನನ್ನ ಪಾಳಿ ಬಂದಾಗ, ಸರ, ಆ ದನಿ ನಮ್ಮಪ್ಪಂದು ಅಂದೆ. ಭಾಳ ಗದ್ದಲ ಇತ್ತು. ನೀವು ನಿಮ್ಮ ಹಾರದಾಗಿಂದ ಒಂದು ಗುಲಾಬಿ ಕಿತ್ತು ನನ್ನ ಕೈಯಾಗ ಇಟ್ಟು, ಎಲ್ಲಾರ ಅಪ್ಪಂದೂ ಹೌದವಾ ಅಂದ್ರಿ. ಹಿಂದಿನವರು ನೂಕಾಕತ್ತಿದ್ರು. ನಾ ಸರದೆ.”

ಗುರುಶಾಂತ ನೆನಪಿಸಿಕೊಳ್ಳಲು ನೋಡಿದ. ಹೂ ಕೊಟ್ಟ ಕೈಗಳು ಎಷ್ಟೋ ಇದ್ದವು. ಈ ಕೈ ನೆನಪಾಗಲಿಲ್ಲ. ಹೆಸರು ಅಳಿಸಿದ್ದಕ್ಕಿಂತ ಇದು ಹೆಚ್ಚು ಸುಟ್ಟಿತು. ನೀರಿನ ಲೋಟ ಕೆಳಗಿಡಲೂ ಆಗದೆ ಕುಡಿಯಲೂ ಆಗದೆ ಹಿಡಿದುಕೊಂಡೇ ಇದ್ದ.

“ಕೇಸು ಹಾಕಬಹುದಿತ್ತು ನೀವು,” ಎಂದ.

“ಹಾಕಿದ್ರ ತೀರ್ಪಾಗೂ ತನಕ ಎಲ್ಲಾರ ಪಟ್ಟಿ ನಿಲ್ಲಸ್ತಿದ್ರು. ಅಪ್ಪ ನಾಟಕ ಕಂಪನಿ ಪ್ರಚಾರ ಮಾಡ್ತಿದ್ದ, ಟಾಂಗಾದ ಮ್ಯಾಲೆ ಮೈಕಿನ ಕರ್ಣಿ ಕಟ್ಟಿಕೊಂಡು. ಅವನಿಗೂ ಗಂಟಲು ಹೋತು. ಹಳೇ ಟೇಪಿನ್ಯಾಗಿನ ಅವನ ದನಿ ಅವನಿಗs ತಿರುಗಿ ಕೊಡಬೇಕಂತ ಇದನ್ನ ಬರದೆ. ಮುಗಿಯೂದರಾಗ ಅವ ಇರಲಿಲ್ಲ.” ಅವಳು ಕಿಟಕಿಯ ಕಡೆ ನೋಡಿದಳು. “ಬಸ್‌ಸ್ಟ್ಯಾಂಡಿನ್ಯಾಗ ಯಾರೋ ಚಾ ಕೇಳ್ತಿರ್ತಾರ, ನಮ್ಮಪ್ಪನ ದನಿ. ನಿಂತು ಕೇಳಿ ಮನಿಗೆ ಬರ್ತಿದ್ದೆ. ಅದು ನಿಂತು ಎಂಟು ದಿನಾ ಆತು. ಈಗ ತಕರಾರು ಮಾಡಾಕ ನಾ ತಯಾರ್ ಅದೀನಿ. ಆದ್ರ ಬೇರಿನ್ಯಾಗ ನಿಮ್ಮ ಹೆಸರೈತಿ. ನಾ ಹೇಳಿದ್ರ ಆ ಯಂತ್ರ ನಂಬಂಗಿಲ್ಲ. ನೀವs ಹೇಳಬೇಕು, ಎಲ್ಲಾರ ಮುಂದ, ಬಾಯಿಲೆ.”

ಧಾರವಾಡದಲ್ಲಿ ಹೆಳವನ ಕೇಂದ್ರ. ಒಂದಿಡೀ ಗೋಡೆಯೇ ಪರದೆ, ಎದುರಿಗೆ ಅಧಿಕಾರಿ, ಎಡಕ್ಕೆ ಸ್ವನಿಕಾದ ವಕೀಲರು, ಹಿಂದೆ ಇಂದುಮತಿ ಮತ್ತು ರೇಷ್ಮಾ. ವಿಚಾರಣೆ ನೇರ ಪ್ರಸಾರವಾಗುತ್ತಿತ್ತು. ಕೊರಳಪಟ್ಟಿಯವರ ಮನೆಗಳಲ್ಲೆಲ್ಲ ಅದನ್ನೇ ನೋಡುತ್ತಿದ್ದಾರೆಂದು ಗುರುಶಾಂತನಿಗೆ ಗೊತ್ತಿತ್ತು. ಬ್ಯಾಡಗಿಯಲ್ಲೂ.

“ಸಾರ್ವಜನಿಕ ಸ್ವತ್ತು ಎಂದು ಬರೆದವರು ತಾವೇ ತಾನೆ?” ಅಧಿಕಾರಿ ಕೇಳಿದರು.

“ಹೌದು. ಹಾಗೆ ಬರೆಯುವ ಅಧಿಕಾರ ನನಗಿರಲಿಲ್ಲ.” ಗುರುಶಾಂತ ಪರದೆಯ ಬೇರಿನಲ್ಲಿದ್ದ ತನ್ನ ಹೆಸರಿನತ್ತ ಕೈ ತೋರಿಸಿದ. “ಅದು ನನ್ನ ಸ್ವತ್ತಲ್ಲ, ದಾನ ಕೊಡಲು ಬರುತ್ತಿರಲಿಲ್ಲ. ಬರೆದವರು ಇಂದುಮತಿ ಬೇವೂರ, ದನಿ ಅವರ ತಂದೆ ಯಮನಪ್ಪ ಬೇವೂರ ಅವರದು. ಅವರ ಷರತ್ತನ್ನು ನಾನು ಓದಿದ್ದೆ. ಓದಿಯೇ ತೆಗೆದೆ. ಆಮೇಲೆ ಸನ್ಮಾನದಲ್ಲಿ ಅವರು ಬಂದು ಹೇಳಿದರೂ ಕೇಳಿಸಿಕೊಳ್ಳದೆ ಕೈಗೆ ಹೂ ಕೊಟ್ಟು ಕಳಿಸಿದೆ.”

ಕೊನೆಯ ಮಾತು ಕಾನೂನಿಗೆ ಬೇಕಾಗಿರಲಿಲ್ಲ. ಅಧಿಕಾರಿ ಒಂದು ಕ್ಷಣ ತಲೆಯೆತ್ತಿ ನೋಡಿ ಮತ್ತೆ ಬರೆದುಕೊಂಡರು. ಇಂದುಮತಿ ಅಪ್ಪನ ಹಳೆಯ ಟೇಪುಗಳನ್ನೂ ತನ್ನ ಮೊದಲ ಪ್ರತಿಯನ್ನೂ ಮುಂದಿಟ್ಟಳು. ಹೆಳವ ಅವನ್ನು ಮೂಸಿದ. ಗೋಡೆಯ ಮರದ ಬೇರಿನಿಂದ ಗುರುಶಾಂತನ ಹೆಸರು ಕಳಚಿ ಒಂದು ಸಣ್ಣ ಕವಲಿಗೆ ಹೋಯಿತು. ಬೇರಿನಲ್ಲಿ ಬೇವೂರ ಎಂದು ಮೂಡಿತು, ಪಕ್ಕದಲ್ಲಿ ಅವಳ ಷರತ್ತು. ತಾವು ನಂಬಿ ತೆಗೆದುಕೊಂಡಿದ್ದೆಂದು ವಕೀಲರು ಎದ್ದು ಹೇಳಿದರು. ನಂಬಿದ್ದು ನಿಜವೇ, ಆದರೆ ಮೂಲದ ಷರತ್ತು ಬದುಕಿದೆ, ಸುಧಾರಣೆಯನ್ನೂ ತೆರೆದಿಡಬೇಕು, ಪಟ್ಟಿಗಳ ತಡೆ ಇಂದೇ ತೆರವು ಎಂದು ಅಧಿಕಾರಿ ಹೇಳಿದರು. ಮರ ಬೇರಿನಿಂದ ತುದಿಯವರೆಗೆ ಹಸಿರಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರಿಡಾರಿನಲ್ಲಿ ಒಬ್ಬ ಮುದುಕ ಮಾತ್ರ, “ಥೂ, ಮಾಸ್ತರs,” ಎಂದ. ಯಮನಪ್ಪನ ದನಿಯಲ್ಲೇ ಎಂದ.

ಮನೆಗೆ ಬಂದರೆ ಚನ್ನವೀರಪ್ಪನ ಪಟ್ಟಿಯಲ್ಲೂ ಹಸಿರು ದೀಪ ಹತ್ತಿತ್ತು. ಆದರೆ ಪಟ್ಟಿ ಅವನ ಕೊರಳಲ್ಲಿರಲಿಲ್ಲ. ಬಿಚ್ಚಿ ಗೋಡೆಯ ದೇವರ ಮಾಡದಲ್ಲಿ ಇಟ್ಟಿದ್ದ.

“ಟೀವಿ ನೋಡಿದ್ದs ತಡ, ಬಿಚ್ಚಿಟ್ರು. ಮುಟ್ಟವಲ್ರು,” ಎಂದಳು ಕಾಶವ್ವ.

ತನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾನೆ ಎಂದುಕೊಂಡ ಗುರುಶಾಂತ. “ಅಣ್ಣಾ, ಬೈಯೋದಿದ್ರ ಹಾಕ್ಕೊಂಡು ಬೈ,” ಎಂದ. ಚನ್ನವೀರಪ್ಪ ತಲೆ ಅಲ್ಲಾಡಿಸಿದ. ಮಾಡದ ಕಡೆ ಕೈ ತೋರಿಸಿ, ಹೆಂಗಸಿನ ಸೆರಗಿನಂತೆ ಹೆಗಲ ಮೇಲೆ ಕೈ ಎಳೆದುಕೊಂಡು, ಬಾ ಎಂಬಂತೆ ಬೆರಳಾಡಿಸಿದ. ಆಕೆಯನ್ನು ಕರೆದುಕೊಂಡು ಬಾ ಎಂದು ಅರ್ಥ.

ಇಂದುಮತಿ ಭಾನುವಾರ ಬಂದಳು. ಚನ್ನವೀರಪ್ಪ ಒಗೆದ ಅಂಗಿ ತೊಟ್ಟು, ಆಕೆಯನ್ನು ಕುರ್ಚಿಯ ಮೇಲೆ ಕೂಡಿಸಿ, ತಾನು ಎದುರಿಗೆ ಚಾಪೆಯ ಮೇಲೆ ಕುಳಿತ. ಮಾಡದಿಂದ ಪಟ್ಟಿ ತಂದು ಎರಡೂ ಅಂಗೈಯಲ್ಲಿ ಹಿಡಿದು ಅವಳ ಮುಂದೆ ಚಾಚಿ ಹುಬ್ಬೇರಿಸಿದ. ಅವಳಿಗೆ ತಿಳಿಯಲಿಲ್ಲ, ತಿರುಗಿ ಕೊಡುತ್ತಿದ್ದಾನೆಂದು ಕೈ ಮುಂದೆ ಮಾಡಿದಳು.

“ಅಲ್ಲವಾ,” ಎಂದಳು ಕಾಶವ್ವ. “ನಿಮ್ಮಪ್ಪನ ದನಿ ಐತಿ, ನಾ ಬಳಸ್ಲೇನು ಅಂತ ಕೇಳಾಕತ್ತಾರ.”

ಇಂದುಮತಿ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕುಳಿತು, ಪಟ್ಟಿಯನ್ನು ತಾನೇ ತೆಗೆದುಕೊಂಡು ಅವನ ಕೊರಳಿಗೆ ಕಟ್ಟಿದಳು.

“ಬಳಸ್ರಿ ಕಾಕಾ. ಅದಕ್ಕs ಮಾಡೀನಿ.”

ಚನ್ನವೀರಪ್ಪ ತುಟಿ ಆಡಿಸಿದ. “ಉಂಡs ಹೋಗಬೇಕವಾ ನೀ,” ಎಂದಿತು ಯಮನಪ್ಪ ಬೇವೂರನ ದನಿ.

ಗುರುಶಾಂತ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಣ್ಣ ಕೇಳಿದ್ದು, ಆಕೆ ಹೂಂ ಅಂದದ್ದು, ಎಲ್ಲ ಸೇರಿ ಅವನು ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟು ಹೊತ್ತೂ ಹಿಡಿದಿರಲಿಲ್ಲ. ಉಲಿ ಸಿಕ್ಕ ದಿನ ತಾನೂ ಹೀಗೆ ಕೇಳಿದ್ದರೆ ಅವಳು ಅವತ್ತೂ ಹೂಂ ಅನ್ನುತ್ತಿದ್ದಳು. ಅವನು ತಂಬಿಗೆಯನ್ನು ಅವಳ ಪಕ್ಕದಲ್ಲಿಟ್ಟು, ಯಾರ ಮುಖವನ್ನೂ ನೋಡಲಾಗದೆ, ತಾಟು ಹಾಕಲು ಒಳಗೆ ಹೋದ.